ಬಿಸಿಲಿಗಿಟ್ಟ ನೀರು ಆಯಿತೆಂದು ಹೇಳುವವರು ಯಾರು?

ನಮ್ಮ ವಾಚನಾಲಯದ ತಾರಸಿಯ ಮೇಲೆ ಹೋದ ಬೇಸಗೆಯಿಂದ ಸಾಲಾಗಿ ಮಲಗಿಸಿಟ್ಟಿರುವ ನೀರಿನ ಬಾಟಲಿಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡಿ ನಕ್ಕವರೂ ಉಂಟು. "ಸಂಘದವರು ಹಪ್ಪಳ ಒಣಗಿಸುವುದನ್ನು ಬಿಟ್ಟು ನೀರು ಒಣಗಿಸಲು ಹೊರಟಿದ್ದಾರೆ" ಎಂದು ಗೊಲ್ಲಪೂಡಿಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮಿತ್ರರೊಬ್ಬರು ಹಾಸ್ಯ ಮಾಡಿದರು. ನಗುವಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಬಾಟಲಿಗಳ ದೆಸೆಯಿಂದ ನಾವು ಒಂದು ಪಾಠ ಕಲಿತೆವು. ಆ ಪಾಠಕ್ಕೆ ನಮ್ಮವರೊಬ್ಬರು ಒಂಬತ್ತು ದಿನದ ಕೂಲಿಯನ್ನು ತೆತ್ತರು. ಆದಕಾರಣ ವಿಷಯವನ್ನು ಮೊದಲಿನಿಂದ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಭವಾನಿಪುರದಲ್ಲಿ ಇರುವ ನಮಗೆ ನೀರಿನ ಬರವೆಂದು ಹೇಳುವಂತಿಲ್ಲ. ಮಗ್ಗುಲಲ್ಲೇ ಕೃಷ್ಣೆ ಇದ್ದಾಳೆ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ದಾರಿಯಲ್ಲಿ ತುಂಗಭದ್ರೆಯನ್ನೂ ಕೂಡಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ತಂಗಿ, ಕೊನೆಗೆ 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಲ್ಲುವ ನೀರು ಅದು. ರಾಯಚೂರು, ಕೊಪ್ಪಳ, ಯಾದಗಿರಿಗಳಿಂದ ಕೆಲಸಕ್ಕೆ ಬಂದಿರುವವರಿಗೆ ಒಂದು ಲೆಕ್ಕದಲ್ಲಿ ಊರ ನೀರೇ. ಆದರೆ ನದಿ ಹತ್ತಿರವಿದ್ದ ಮಾತ್ರಕ್ಕೆ ಕುಡಿಯುವ ನೀರು ಹತ್ತಿರವಿದ್ದಂತೆ ಆಗಲಿಲ್ಲ. ಆರು ಜನ ಸೇರಿ ಹಿಡಿದ ಬಾಡಿಗೆ ಕೋಣೆ, ಒಂದೇ ನಲ್ಲಿ, ಮನೆಯ ಮಾಲೀಕರ ತೊಟ್ಟಿ, ಆ ತೊಟ್ಟಿಯನ್ನು ತೊಳೆದದ್ದು ಯಾವಾಗಲೋ! ಕೈಯಲ್ಲಿ ಕಾಸಿರುವ ವಾರ ಇಪ್ಪತ್ತು ಲೀಟರಿನ ಕ್ಯಾನು ಬರುತ್ತದೆ. ಇಲ್ಲದ ವಾರ ನಲ್ಲಿಯೇ ಗತಿ. ಕುದಿಸಿ ಕುಡಿಯಿರಿ ಎಂದು ಡಾಕ್ಟರು ಹೇಳುತ್ತಾರೆ. ಅದು ಸರಿಯಾದ ಮಾತೇ. ಆದರೆ ಆರು ಜನಕ್ಕೆ ಸಾಲುವಷ್ಟು ನೀರನ್ನು ದಿನವೂ ಕುದಿಸಬೇಕೆಂದರೆ ಚಿಕ್ಕ ಸಿಲಿಂಡರು ಎಷ್ಟು ದಿನ ಬಂದೀತು?

2024ರ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬುಡಮೇರು ಉಕ್ಕಿ ಈ ನಗರದ ಸಿಂಗ್ ನಗರ್ ಮೊದಲಾದ ಬಡಾವಣೆಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಆಗ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಹರಿದುಹೋಯಿತು. ಸುತ್ತಲೂ ನೀರು, ಕುಡಿಯಲು ಮಾತ್ರ ದೋಣಿಯಲ್ಲಿ ಬರುವ ಬಾಟಲಿಗಾಗಿ ಕಾಯಬೇಕು! ಮಳೆ ನಿಂತು ಬಿಸಿಲು ಬಿದ್ದ ಮೇಲೆ ಬೀದಿಯಲ್ಲಿ ಉಳಿದದ್ದು ಎರಡು ವಸ್ತು: ಕೆಸರು ಮತ್ತು ಖಾಲಿ ಬಾಟಲಿ. ಆ ಖಾಲಿ ಬಾಟಲಿಯನ್ನೂ ಆ ಬಿಸಿಲನ್ನೂ ಸೇರಿಸಿದರೆ ರೋಗಾಣುಗಳಿಲ್ಲದ ನೀರು ಮಾಡಬಹುದೆಂಬ ಸಂಗತಿಯನ್ನು ನಾವು ಓದಿದ್ದು ಆ ಮೇಲೆ.

ಸಂಗತಿ ಹೊಸದಲ್ಲ. 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು ಒಂದು ಸರಳವಾದ ಪ್ರಯೋಗ ಮಾಡಿದರು. ಸೂಕ್ಷ್ಮಜೀವಿಗಳು ಬೆಳೆಯುವಂಥ ದ್ರಾವಣವನ್ನು ಗಾಜಿನ ನಳಿಗೆಗಳಲ್ಲಿ ತುಂಬಿ ಎಲ್ಲವನ್ನೂ ಬಿಸಿಲಿಗಿಟ್ಟರು. ಕೆಲವು ನಳಿಗೆಗಳಿಗೆ ಮಾತ್ರ ಸೀಸದ ತಗಡನ್ನು ಸುತ್ತಿದರು. ಬರಿಯ ನಳಿಗೆಯ ದ್ರಾವಣ ತಿಳಿಯಾಗಿ ಉಳಿಯಿತು. ತಗಡು ಸುತ್ತಿದ್ದು ಕದಡಿ ಕೆಟ್ಟಿತು. ಜೀವಿಗಳನ್ನು ತಡೆದದ್ದು ಬರಿಯ ಶಾಖವಲ್ಲ, ಬೆಳಕು ಎಂದು ಅದರಿಂದ ಗೊತ್ತಾಯಿತು. ನೂರು ವರ್ಷದ ಮೇಲೆ, 1980ರ ಸುಮಾರಿನಲ್ಲಿ, ಲೆಬನಾನಿನ ಬೈರೂತ್ ನಗರದ ಪ್ರಾಧ್ಯಾಪಕ ಆಫ್ತಿಮ್ ಆಕ್ರಾ ಅವರು ಇದನ್ನು ಬಡವರ ಮನೆಯ ಕುಡಿಯುವ ನೀರಿಗೆ ಹಚ್ಚಿ ನೋಡಿದರು. 1991ರಿಂದ ಸ್ವಿಟ್ಸರ್ಲೆಂಡಿನ ಇಯಾವಾಗ್ ಎಂಬ ಜಲಸಂಶೋಧನ ಸಂಸ್ಥೆ ಅದನ್ನು ಪರೀಕ್ಷಿಸಿ, ಹಳ್ಳಿಯವರೂ ಮಾಡಬಹುದಾದ ಕ್ರಮವಾಗಿ ತಿದ್ದಿತು.

ಕ್ರಮ ಇಷ್ಟೆ. ಬಣ್ಣವಿಲ್ಲದ, ಗೀರು ಬೀಳದ ಪೆಟ್ ಬಾಟಲಿ ಬೇಕು. ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ. ಎರಡು ಲೀಟರಿಗಿಂತ ದೊಡ್ಡದಾಗಬಾರದು. ಮೇಲಿನ ಕಾಗದವನ್ನು ಕಿತ್ತು ಚೆನ್ನಾಗಿ ತೊಳೆದು, ಮುಕ್ಕಾಲು ಪಾಲು ನೀರು ತುಂಬಿ, ಮುಚ್ಚಳ ಹಾಕಿ ಇಪ್ಪತ್ತು ಸೆಕೆಂಡು ಕುಲುಕಬೇಕು. ಗಾಳಿ ನೀರಿನಲ್ಲಿ ಬೆರೆತಷ್ಟೂ ಬೆಳಕಿನ ಕೆಲಸ ಚುರುಕಾಗುತ್ತದೆ. ಆ ಮೇಲೆ ಕಂಠದವರೆಗೆ ತುಂಬಿ, ಜಿಂಕ್ ಶೀಟಿನ ಮೇಲೆ ಮಲಗಿಸಿ, ನೆರಳು ಬೀಳದಂತೆ ಆರು ಗಂಟೆ ಬಿಡಬೇಕು. ಅರ್ಧ ಆಕಾಶಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ. ಮಳೆ ಹಿಡಿದರೆ ಇದನ್ನು ನಂಬಲಾಗದು. ಅಂದು ಕುದಿಸಿಯೇ ತೀರಬೇಕು. ಕಾಸಿ ಆರಿಸಿದ ನೀರಿನಂತೆಯೇ ಇದನ್ನೂ ಅದೇ ಬಾಟಲಿಯಲ್ಲಿಟ್ಟು ಕುಡಿಯತಕ್ಕದ್ದು. ಬಿಂದಿಗೆಗೆ ಸುರಿದು ಕೈ ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ.

ಕೆಲಸ ಮಾಡುವುದು ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳು, ಅಂದರೆ ಕಾಮನಬಿಲ್ಲಿನ ನೇರಿಳೆ ಬಣ್ಣದ ಆಚೆಗಿರುವ ಬೆಳಕು. ಅದರಲ್ಲಿಯೂ ನೇರಿಳೆಗೆ ತೀರ ಹತ್ತಿರದ್ದು, 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಪಾಲು. ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಕೆರಳಿಸಿ, ಕಾಲರಾ, ಆಮಶಂಕೆ, ವಿಷಮಶೀತಜ್ವರಗಳ ರೋಗಾಣುಗಳ ಮೈಯನ್ನು ಒಳಗಿನಿಂದ ಕೆಡಿಸುತ್ತದೆ. ಶಾಖವೂ ಜೊತೆಗೂಡಿ ನೀರು 50 ಡಿಗ್ರಿ ಮುಟ್ಟಿದರೆ ಒಂದು ಗಂಟೆಯಲ್ಲೇ ಕೆಲಸವಾಗುತ್ತದೆ. ಸಮಭಾಜಕ ವೃತ್ತದಿಂದ 15 ಡಿಗ್ರಿಗೂ 35 ಡಿಗ್ರಿಗೂ ನಡುವಿನ ಸೀಮೆ ಈ ಕೆಲಸಕ್ಕೆ ಅತ್ಯುತ್ತಮವೆಂದು ಹೇಳುತ್ತಾರೆ. ವಿಜಯವಾಡ ಇರುವುದು ಹದಿನಾರೂವರೆ ಡಿಗ್ರಿಯಲ್ಲಿ. ಇಲ್ಲಿಯ ಮೇ ತಿಂಗಳ ಬಿಸಿಲನ್ನು ಬಯ್ಯದವರು ನಮ್ಮಲ್ಲಿ ಯಾರೂ ಇಲ್ಲ. ಅದರಿಂದ ಬಂದ ಲಾಭ ಇದೊಂದೇ ಎಂದು ತೋರುತ್ತದೆ.

ಇಷ್ಟು ಸುಲಭವಾದದ್ದು ಲೋಕದಲ್ಲೆಲ್ಲ ಏಕೆ ಹಬ್ಬಲಿಲ್ಲ? ಕೀನ್ಯಾ ದೇಶದ ಮಸಾಯಿ ಮಕ್ಕಳಲ್ಲಿ ಇದರಿಂದ ಭೇದಿ ಕಡಿಮೆಯಾಯಿತೆಂದು 1996ರಲ್ಲಿ ಡಾಕ್ಟರ್ ಕಾನ್ರಾಯ್ ಮತ್ತು ಸಂಗಡಿಗರು ಪ್ರಕಟಿಸಿದರು. ಆದರೆ ಬೊಲಿವಿಯಾದ 22 ಹಳ್ಳಿಸಮುದಾಯಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಖಚಿತವಾದ ಲಾಭ ಕಾಣಲಿಲ್ಲ. ಬಾಟಲಿ ಕೊಟ್ಟು, ಮನೆಮನೆಗೂ ಹೋಗಿ ಹೇಳಿಕೊಟ್ಟರೂ ಸರಾಸರಿ ಮೂರರಲ್ಲೊಂದು ಪಾಲಿನಷ್ಟೆ ಬಳಕೆಯಾಗಿತ್ತು. ಇದನ್ನು ಓದಿದಾಗ ನಮಗೆ ಆ ಹಳ್ಳಿಗರ ಮೇಲೆ ಬೇಸರ ಬರಲಿಲ್ಲ. ಏಕೆಂದರೆ ನಮ್ಮ ತಾರಸಿಯ ಮೇಲೂ ಅದೇ ಆಗುತ್ತಿತ್ತು. ಮಧ್ಯಾಹ್ನ ಬಾಯಾರಿ ಬಂದ ಹುಡುಗ ಬಾಟಲಿಯನ್ನು ಎತ್ತಿ ನೋಡುತ್ತಾನೆ. "ಅಣ್ಣಾ, ಇದು ಆಗೇದೇನು?" ಎಂದು ಕೇಳುತ್ತಾನೆ. ಉತ್ತರ ಕೊಡುವವರಿಲ್ಲ. ಒಂದೋ ಆಗುವ ಮೊದಲೇ ಕುಡಿಯುತ್ತಾನೆ, ಇಲ್ಲವೆ ಇದೆಲ್ಲ ಬೇಡವೆಂದು ನಲ್ಲಿಗೆ ಹೋಗುತ್ತಾನೆ.

ನೀರನ್ನು ಶುದ್ಧ ಮಾಡುವ ಬೇರೆ ಅನೇಕ ವಿಧಾನಗಳಲ್ಲಿ ಈ ತೊಡಕಿಲ್ಲ. ಕುದಿಸಿದರೆ ಗುಳ್ಳೆ ಏಳುತ್ತದೆ. ಕ್ಲೋರಿನ್ ಹಾಕಿದರೆ ಮೂಗಿಗೆ ವಾಸನೆ ತಿಳಿಯುತ್ತದೆ. ಫಿಲ್ಟರಾದರೆ ಕೆಳಗಿಳಿದ ನೀರು ಕಣ್ಣೆದುರಿಗೇ ಇರುತ್ತದೆ. ಬಿಸಿಲಿಗಿಟ್ಟ ನೀರು ಮಾತ್ರ ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಹಾಗೆಯೇ ಇರುತ್ತದೆ. ಆಯಿತು ಎಂದು ಹೇಳುವವರು ಯಾರಾದರೂ ಬೇಕು. ಅದನ್ನು ಹೇಳುವುದೇ ಸೆನ್ಸರ್ ಎಂಬ ಸಾಧನದ ಕೆಲಸ.

ಅದರ ತತ್ವವನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಬೆಳಕು ಬಿದ್ದಾಗ ಅತಿ ಸಣ್ಣ ವಿದ್ಯುತ್ಪ್ರವಾಹವನ್ನು ಹರಿಸುವ ಒಂದು ಚೂರು, ಅಂದರೆ ಫೋಟೊಡಯೋಡು, ಇರುತ್ತದೆ. ಬಿಸಿಲು ಪ್ರಖರವಾದಷ್ಟೂ ಪ್ರವಾಹ ಹೆಚ್ಚು. ಮೋಡ ಬಂದರೆ ಕಡಿಮೆ. ಆ ಪ್ರವಾಹವನ್ನು ಕ್ಷಣಕ್ಷಣವೂ ಕೂಡಿಸುತ್ತ ಹೋಗುವ ಇನ್ನೊಂದು ಭಾಗವಿರುತ್ತದೆ. ನಲ್ಲಿಯ ಕೆಳಗಿಟ್ಟ ಕೊಡದಂತೆ ಎಂದುಕೊಳ್ಳಿ: ನಲ್ಲಿ ಧಾರಾಳವಾಗಿ ಬಂದರೆ ಬೇಗ ತುಂಬುತ್ತದೆ, ಸಣ್ಣಗೆ ಬಂದರೆ ತಡವಾಗುತ್ತದೆ. ಕೊಡ ತುಂಬಿದಾಗ ದೀಪ ಹತ್ತುತ್ತದೆ. ಗಡಿಯಾರಕ್ಕಿಂತ ಇದು ಮೇಲಾಗುವುದು ಇಲ್ಲಿಯೇ. ಗಡಿಯಾರ ಮೋಡವನ್ನು ಕಾಣದು, ಇದು ಕಾಣುತ್ತದೆ.

ಇಂಥ ಸಾಧನಗಳಲ್ಲಿ ಒಂದು ಆಸ್ಟ್ರಿಯಾದ ವಿಯನ್ನಾ ನಗರದ ಹೆಲಿಯೊಜ್ ಕಂಪೆನಿಯ ವಾಡಿ. ಅಂಗೈಯಗಲದ ಅದನ್ನು ಬಾಟಲಿಗಳ ಪಕ್ಕದಲ್ಲಿಟ್ಟರೆ ಮೊದಲು ಅಳುಮೋರೆಯನ್ನು ತೋರಿಸುತ್ತದೆ. ಸಾಕಷ್ಟು ಕಿರಣ ಬಿದ್ದ ಮೇಲೆ ನಗುಮುಖವನ್ನು ತೋರಿಸುತ್ತದೆ. ಅಕ್ಷರ ಬಾರದವರಿಗೂ ಅರ್ಥವಾಗುವ ಭಾಷೆ. ಇನ್ನೊಂದು, ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು 2010ರಲ್ಲಿ ಮಾಡಿ 40,000 ಡಾಲರ್ ಬಹುಮಾನ ಪಡೆದದ್ದು. ಬೆಳಕಿಗೆ ಮಿನುಗುವ ಬೀಗದಕೈ ಗೊಂಚಲಿನ ಆಟಿಕೆಯನ್ನು ಬಿಚ್ಚಿ, ಅದರ ಭಾಗಗಳನ್ನೇ ಅವರು ಬಳಸಿಕೊಂಡರಂತೆ. ಬಾಟಲಿಯ ಮೇಲೆ ಬಿದ್ದ ಬೆಳಕೆಷ್ಟು ಎಂಬುದನ್ನಷ್ಟೇ ಅಲ್ಲದೆ, ನೀರನ್ನು ಹಾದು ಈಚೆಗೆ ಬಂದದ್ದೆಷ್ಟು ಎಂಬುದನ್ನೂ ಅದು ನೋಡುತ್ತದೆ. ನೀರು ಕದಡಿದ್ದರೆ ನಡುವೆ ಬೆಳಕು ಸೋರಿಹೋಗುತ್ತದಷ್ಟೆ. ಇದು ಬಹಳ ಜಾಣತನದ ಯೋಚನೆಯೆಂದು ನಮ್ಮ ಅಭಿಪ್ರಾಯ. ಕೆಂಪು ನೀರಿನ ನಮ್ಮ ಮಳೆಗಾಲಕ್ಕೆ ಬೇಕಾದದ್ದು ಇದೇ.

ಇವೆಲ್ಲವನ್ನೂ ಓದಿದ ನಮ್ಮ ಸದಸ್ಯರೊಬ್ಬರು (ಟೀವಿ, ಮೊಬೈಲ್ ರಿಪೇರಿ ಮಾಡುವವರು) ತಾವೇ ಒಂದನ್ನು ಮಾಡಿಕೊಡುತ್ತೇನೆಂದು ಮುಂದೆ ಬಂದರು. ಬೀದಿದೀಪಗಳನ್ನು ಕತ್ತಲಾದಾಗ ತಾವಾಗಿಯೇ ಹತ್ತಿಸುವ ಬೆಳಕಿನ ಚೂರು ಅಂಗಡಿಯಲ್ಲಿ ಹತ್ತಾರು ರೂಪಾಯಿಗೆ ಸಿಗುತ್ತದೆ. ಅದನ್ನು ಹಾಕಿ, ಎಣಿಸುವ ಚಿಕ್ಕ ಬೋರ್ಡೊಂದನ್ನು ಸೇರಿಸಿ, ಸೋಪಿನ ಡಬ್ಬಿಯಲ್ಲಿ ಕೂಡಿಸಿದರು. ಹಸಿರು ದೀಪ ಹತ್ತಿದರೆ ನೀರು ಆಯಿತು. ಎರಡು ತಿಂಗಳು ಎಲ್ಲರೂ ಅದನ್ನು ಮೆಚ್ಚಿದೆವು. ಹುಡುಗರು ಕೇಳುವುದನ್ನು ಬಿಟ್ಟು ದೀಪ ನೋಡಿ ಕುಡಿಯತೊಡಗಿದರು.

ಜೂನ್ ತಿಂಗಳಲ್ಲಿ ಮಳೆಯ ಹನಿ ಬೀಳದಿರಲೆಂದು ಬಾಟಲಿಗಳನ್ನೂ ಡಬ್ಬಿಯನ್ನೂ ತಾರಸಿಯ ಮೂಲೆಯಲ್ಲಿರುವ ಪಾಲಿಕಾರ್ಬೊನೇಟ್ ಚಪ್ಪರದ ಕೆಳಕ್ಕೆ ಸರಿಸಿದೆವು. ಗಾಜಿನಂತೆ ಪಾರದರ್ಶಕವಾದ ಚಪ್ಪರ. ಕೆಳಗೆ ಕುಳಿತು ಪತ್ರಿಕೆ ಓದುವಷ್ಟು ಬೆಳಕು. ಹಸಿರು ದೀಪ ದಿನವೂ ಹೊತ್ತಿಗೆ ಸರಿಯಾಗಿ ಹತ್ತುತ್ತಿತ್ತು. ಎರಡನೆಯ ವಾರದಲ್ಲಿ, ಕಬ್ಬಿಣದ ಯಾರ್ಡಿನಲ್ಲಿ ಹಮಾಲಿ ಮಾಡುವ ಯಾದಗಿರಿ ಕಡೆಯ ತಮ್ಮ ವಾಂತಿಭೇದಿಯಿಂದ ಮಲಗಿದ. ಎರಡು ದಿನ ಡ್ರಿಪ್ ಹಾಕಬೇಕಾಯಿತು. ಎದ್ದು ಮತ್ತೆ ಕೆಲಸಕ್ಕೆ ಹೋದದ್ದು ಒಂಬತ್ತು ದಿನದ ಮೇಲೆ. ದಿನಗೂಲಿಯವನಿಗೆ ಒಂಬತ್ತು ದಿನವೆಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಊರಿಗೆ ಕಳಿಸಬೇಕಾದ ಹಣ ಆ ತಿಂಗಳು ಹೋಗಲಿಲ್ಲ.

ನೀರೇ ಕಾರಣವೆಂದು ನಾವು ಆಣೆ ಮಾಡಲಾರೆವು. ಅವನು ಹೊರಗೂ ತಿನ್ನುತ್ತಿದ್ದ. ಆದರೆ ಮನಸ್ಸು ತಡೆಯದೆ ಪರೀಕ್ಷೆಯ ಶೀಸೆ ತಂದೆವು. ಇದು ನಮ್ಮ ದೇಶದಲ್ಲೇ ಹುಟ್ಟಿದ ಉಪಾಯ: ಮಾಂಜಾ ಮತ್ತು ಅವರ ಸಂಗಡಿಗರು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಶೀಸೆಯಲ್ಲಿ ಗಂಧಕ ಮತ್ತು ಕಬ್ಬಿಣದ ಲವಣಗಳನ್ನು ಹೀರಿದ ಕಾಗದದ ತುಂಡಿರುತ್ತದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದಿಂದ ಬಂದ ಜೀವಿಗಳಿದ್ದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಕಬ್ಬಿಣದೊಡನೆ ಕೂಡಿ ನೀರು ಕಪ್ಪಾಗುತ್ತದೆ. ಹಸಿರು ದೀಪ ಹತ್ತಿದ ಬಾಟಲಿಯ ನೀರನ್ನು ತುಂಬಿಟ್ಟೆವು. ಮರುದಿನ ಸಂಜೆಗೆ ಇದ್ದಿಲಿನಂತೆ ಕಪ್ಪು!

ತಪ್ಪು ಎಲ್ಲಿತ್ತು? ರಿಪೇರಿಯ ಮಿತ್ರರು ಹಾಕಿದ್ದ ಚೂರು ನಮ್ಮ ಕಣ್ಣಿನಂತೆ ಕಾಣುವ ಬೆಳಕನ್ನು ನೋಡುತ್ತಿತ್ತು. ರೋಗಾಣುಗಳನ್ನು ಕೊಲ್ಲುವುದೋ ಕಾಣದ ಬೆಳಕು. ಬಯಲಿನಲ್ಲಿ ಎರಡೂ ಜೊತೆಯಾಗಿಯೇ ಬೀಳುತ್ತವೆ. ಆದ್ದರಿಂದ ಬೇಸಗೆಯಲ್ಲಿ ಗುಟ್ಟು ಹೊರಬೀಳಲಿಲ್ಲ. ಪಾಲಿಕಾರ್ಬೊನೇಟ್ ಹಾಳೆಯಾದರೋ ಕಾಣುವ ಬೆಳಕನ್ನು ಬಿಟ್ಟು ನೇರಿಳಾತೀತ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ನಮ್ಮ ದೀಪ ಸುಳ್ಳು ಹೇಳಲಿಲ್ಲ. ನಾವು ಕೇಳದೆ ಇದ್ದ ಪ್ರಶ್ನೆಗೆ ಅದು ಉತ್ತರ ಹೇಳುತ್ತಿತ್ತು. ಪಾಲಿಕಾರ್ಬೊನೇಟಿನಿಂದಲೇ ಮಾಡಿದ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಬಿಸಿಲಿಗಿಟ್ಟು ಪ್ರಯೋಜನವಿಲ್ಲ ಎಂಬುದಕ್ಕೂ ಇದೇ ಕಾರಣ. ಆ ಕ್ಯಾನಿನ ದಪ್ಪವೂ ಅಡ್ಡಿ. ನೀರಿನ ಆಳ ಹತ್ತು ಸೆಂಟಿಮೀಟರ್ ದಾಟಿದರೆ ಕಿರಣ ಬಡವಾಗುತ್ತದೆ.

ಇದರಿಂದ ನಾವು ಕಲಿತದ್ದು, ಯಾವ ಸೆನ್ಸರೂ ರೋಗಾಣುಗಳನ್ನು ಎಣಿಸುವುದಿಲ್ಲ ಎಂಬುದು. ವಿಯನ್ನಾದ್ದಾಗಲಿ, ಸೋಪಿನ ಡಬ್ಬಿಯದಾಗಲಿ, ಬಿದ್ದ ಬೆಳಕನ್ನು ಎಣಿಸುತ್ತದೆ. ಉಳಿದದ್ದನ್ನು ನಾವು ಊಹಿಸುತ್ತೇವೆ. ಊಹೆ ಸರಿಯಾಗಬೇಕಾದರೆ ಬಾಟಲಿಯೂ ನೀರೂ ಜಾಗವೂ ಸರಿಯಾಗಿರಬೇಕು. ಶಾಖ ತೋರಿಸುವ ಮೇಣದ ನಳಿಗೆಯ ವಿಷಯದಲ್ಲೂ ಜನ ಹೀಗೆಯೇ ಮೋಸಹೋಗುತ್ತಾರೆ. ಸೌರ ಒಲೆಯಲ್ಲಿ ನೀರು ಕಾಸುವವರಿಗಾಗಿ ಮಾಡಿದ ಆ ನಳಿಗೆಯ ಮೇಣ ಸುಮಾರು 70 ಡಿಗ್ರಿಗೆ ಕರಗುತ್ತದೆ. ಬರಿಯ ಬಾಟಲಿಯ ನೀರು ಅಷ್ಟು ಕಾಯುವುದೇ ಇಲ್ಲ. ಆದರೂ ಬೆಳಕಿನಿಂದ ಅದು ಶುದ್ಧವಾಗಿರಬಹುದು. ಶಾಖದ ಸಾಧನವನ್ನು ಬೆಳಕಿನ ಕೆಲಸಕ್ಕೆ ಹಚ್ಚಿದರೆ ಸಂಜೆಯವರೆಗೂ ಕಾಯುತ್ತ ಕೂರಬೇಕಷ್ಟೆ.

ಈಗ ನಮ್ಮ ಮಿತ್ರರು ಹಳೆಯ ಚೂರನ್ನು ಕಿತ್ತು, ನೇರಿಳಾತೀತ ಕಿರಣಕ್ಕೆ ಮಾತ್ರ ಎಚ್ಚರವಾಗುವ ಡಯೋಡನ್ನು ಹಾಕಿದ್ದಾರೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಚಪ್ಪರದ ಕೆಳಗಿಟ್ಟು ನೋಡಿದೆವು. ಸಂಜೆಯವರೆಗೂ ದೀಪ ಹತ್ತಲಿಲ್ಲ. ಬಯಲಿಗೆ ತಂದಿಟ್ಟಾಗ ಹತ್ತಿತು. ಆ ಬಾಟಲಿಯ ನೀರಿನ ಶೀಸೆ ಕಪ್ಪಾಗಲಿಲ್ಲ. ಇಷ್ಟಾದರೂ ಡಬ್ಬಿಯೊಂದನ್ನೇ ನಂಬಕೂಡದೆಂದು ಗೊತ್ತುಮಾಡಿಕೊಂಡು, ದೀಪ ಮೊದಲೇ ಹತ್ತಿದರೂ ಆರು ಗಂಟೆ ಕಳೆಯುವ ತನಕ ಬಾಟಲಿ ಎತ್ತುವುದಿಲ್ಲ; ಆರು ಗಂಟೆ ಕಳೆದರೂ ದೀಪ ಹತ್ತದಿದ್ದರೆ ಮರುದಿನಕ್ಕೆ ಬಿಡುತ್ತೇವೆ.

ನೀರಿನ ತಿಳಿಯನ್ನು ಅಳೆಯುವ ಸಾಧನವಂತೂ ನಮ್ಮಲ್ಲಿ ಬೇಕಾದಷ್ಟಿದೆ, ಅದೂ ಬಿಟ್ಟಿ: ವೃತ್ತಪತ್ರಿಕೆ. ತುಂಬಿದ ಬಾಟಲಿಯನ್ನು ಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಕ್ಕೆ ನೋಡಬೇಕು. ಅಕ್ಷರ ಓದಲು ಬಂದರೆ ನೀರು ಬಿಸಿಲಿಗೆ ಯೋಗ್ಯ. ಬಾರದಿದ್ದರೆ ರಾತ್ರಿ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಬೇಕು. ಪಟಿಕವನ್ನು ಆಡಿಸಿದರೂ ಆಗುತ್ತದೆ, ಅಥವಾ ಇಲ್ಲಿಯವರು ಚಿಲ್ಲಗಿಂಜಲು ಎನ್ನುವ, ನಾವು ಚಿಲ್ಲದ ಬೀಜ ಎನ್ನುವ ಕಾಯಿಯನ್ನು ತೇಯ್ದು ಹಾಕಬಹುದು. ಇಯಾವಾಗ್ ಸಂಸ್ಥೆಯವರ ಕೈಪಿಡಿಯಲ್ಲಿಯೂ ಈ ತಲೆಬರಹದ ಪರೀಕ್ಷೆ ಇದೆ. ಓದಿ ಮುಗಿದ ಪತ್ರಿಕೆಗೆ ಇಂಥ ಉಪಯೋಗವಿರುವುದು ವಾಚನಾಲಯದವರಾದ ನಮಗೆ ಸಂತೋಷದ ಸಂಗತಿ.

ಮೋಡದ ದಿನಗಳಿಗೆ ತಾಮ್ರದ ಪಾತ್ರೆ ಆಗದೆ ಎಂದು ಕೆಲವರು ಕೇಳಿದ್ದಾರೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ, ಆಮಶಂಕೆ ಮೊದಲಾದವುಗಳ ರೋಗಾಣುಗಳು ಉಳಿಯಲಿಲ್ಲ. ಅಜ್ಜಿಯ ಮಾತು ನಿಜವಾಯಿತು. ಆದರೆ ಅಲ್ಲಿಯೂ ರಾತ್ರಿ ತುಂಬಿ ಬೆಳಿಗ್ಗೆ ಆರಕ್ಕೆ ಕುಡಿದರೆ 16 ಗಂಟೆ ಆಗುವುದಿಲ್ಲವೆಂಬುದನ್ನು ಗಮನಿಸಬೇಕು.

ಬಿಸಿಲು ಮಾಡಲಾಗದ್ದೂ ಉಂಟು. ಊರಿನಲ್ಲಿ ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು ಕಂದಿದವರು, ಕೀಲು ಬಿಗಿದವರು ನಮ್ಮ ನಡುವೆ ಇದ್ದಾರೆ. ಅದು ಬಿಸಿಲಿಗೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಎಣ್ಣೆ, ಔಷಧ, ಕಾರ್ಖಾನೆಯ ನೀರು ಬೆರೆತದ್ದಕ್ಕೂ ಹಾಗೆಯೇ. ಪ್ರವಾಹದ ನೀರನ್ನು ಬಾಟಲಿಗೆ ತುಂಬುವ ಸಾಹಸ ಬೇಡ. ಹಸುಗೂಸಿಗೂ ಕಾಯಿಲೆಯವರಿಗೂ ಕುದಿಸಿದ ನೀರನ್ನೇ ಕೊಡಿ. ಕೆಲವು ಗಟ್ಟಿ ಕವಚದ ಜೀವಿಗಳಿಗೆ ಆರು ಗಂಟೆಯ ಬಿಸಿಲು ಸಾಲದು. ಪ್ಲಾಸ್ಟಿಕ್ಕಿನಿಂದ ವಿಷ ಇಳಿಯದೆ ಎಂಬ ಸಂಶಯ ಅನೇಕರಿಗಿದೆ. ಸ್ವಿಟ್ಸರ್ಲೆಂಡಿನಲ್ಲಿ ಪೆಟ್ ಬಾಟಲಿಗಳನ್ನು ಪರೀಕ್ಷಿಸಿದವರಿಗೆ ಸಿಕ್ಕ ಪ್ರಮಾಣ ಅಪಾಯದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಆದರೂ ಗೀರುಬಿದ್ದು ಮಸುಕಾದ ಬಾಟಲಿಯನ್ನು ಎಸೆಯಿರಿ. ಅದರಲ್ಲಿ ಬೆಳಕು ಸರಿಯಾಗಿ ಹೋಗದು.

ಯಾದಗಿರಿಯ ತಮ್ಮ ಈಗ ಚೆನ್ನಾಗಿದ್ದಾನೆ. ಡಬ್ಬಿಯನ್ನು ದಿನವೂ ತಾರಸಿಯ ನಡುವೆ ತಂದಿಡುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ. ಚಪ್ಪರದ ಕೆಳಗೆ ಯಾರಾದರೂ ಬಾಟಲಿ ಸರಿಸಿದರೆ ಅವನ ಬಾಯಿಗೆ ಬೀಳುತ್ತಾರೆ. ಬಾಟಲಿ ತರುವವರು ಬೆಳಿಗ್ಗೆ ಎಂಟೂವರೆಯೊಳಗೆ ತಂದು, ಪತ್ರಿಕೆಯ ಮೇಲಿಟ್ಟು ನೋಡಿ, ಮುಚ್ಚಳದ ಮೇಲೆ ಹೆಸರನ್ನೂ ತಾರೀಕನ್ನೂ ಬರೆದು ಮಲಗಿಸಬೇಕು. ಪರೀಕ್ಷೆಯ ಶೀಸೆ ಬೇಕಾದವರು ಸಂಜೆ ಏಳರ ಮೇಲೆ ಮೇಜಿನ ಬಳಿ ಕೇಳಬಹುದು. ಶೀಸೆಯ ಖರ್ಚನ್ನು ಈ ಮಳೆಗಾಲ ಮುಗಿಯುವ ತನಕ ಸಂಘವೇ ಹೊರುತ್ತದೆ.